ಸೇವಾನುಭವ ಮತ್ತು ನೌಕರನ ಆತ್ಮವಿಶ್ವಾಸ

ದೀರ್ಘಕಾಲ ದುಡಿದ ನೌಕರನಿಗೆ ಉದ್ಯೋಗ ಮಾರುಕಟ್ಟೆಯಲ್ಲಿ ತನ್ನ ಬೆಲೆ ಹೆಚ್ಚಿದೆಯೆಂಬ ಭಾವನೆ ತಾನಾಗಿಯೇ ಬರುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಈ ಭಾವನೆಯನ್ನು ರೂಪಿಸುವುದು ಸೇವಾವಧಿಗಿಂತ ಹೆಚ್ಚಾಗಿ ಆ ಅವಧಿಯಲ್ಲಿ ದೊರೆತ ಅನುಭವದ ಸ್ವರೂಪ.

ಎರಡು ವರ್ಷಗಳ ಐಟಿಐ ತರಬೇತಿ ಪಡೆದ ಇಬ್ಬರು ಟರ್ನರ್‌ಗಳನ್ನು ಊಹಿಸಿಕೊಳ್ಳೋಣ. ಒಬ್ಬನು ಹತ್ತು ವರ್ಷ, ಬೇರೆಯವರು ಸೆಟ್ಟಿಂಗ್ ಮಾಡಿಕೊಟ್ಟ ಲೇತಿನಲ್ಲಿ ಒಂದೇ ಬಗೆಯ ಬುಷ್ ತಯಾರಿಸಿದ್ದಾನೆ. ಇನ್ನೊಬ್ಬನು ಡ್ರಾಯಿಂಗ್ ಓದಿ, ಸೆಟ್ಟಿಂಗ್ ತಾನೇ ಮಾಡಿ, ಮೈಕ್ರೋಮೀಟರ್ ಹಿಡಿದು ಅಳತೆ ನೋಡಿ, ಸಿಎನ್‌ಸಿ ಯಂತ್ರವನ್ನೂ ನಡೆಸಿದ್ದಾನೆ. ಇಬ್ಬರ ಸೇವಾವಧಿಯೂ ಒಂದೇ. ಆದರೆ ಮೊದಲನೆಯವನಿಗೆ ಹೊರಗೆ ತನ್ನನ್ನು ಯಾರು ಕೇಳಿಯಾರೆಂಬ ಅಳುಕು. ಎರಡನೆಯವನಿಗೆ ಎಲ್ಲಿ ಹೋದರೂ ದುಡಿಯಬಲ್ಲೆನೆಂಬ ಧೈರ್ಯ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತವು ಇದಕ್ಕೆ ಕಾರಣವನ್ನು ಸೂಚಿಸುತ್ತದೆ. ಮನುಷ್ಯನಿಗೆ ತನ್ನ ಸಾಮರ್ಥ್ಯದಲ್ಲಿ ನಂಬಿಕೆ ಮೂಡಿಸುವ ಮೂಲಗಳಲ್ಲಿ, ಸ್ವತಃ ಮಾಡಿ ಯಶಸ್ವಿಯಾದ ಅನುಭವವೇ ಅತ್ಯಂತ ಪ್ರಬಲವಾದುದು. ಹೊಸ ಸವಾಲೇ ಎದುರಾಗದಿದ್ದರೆ ಆ ನಂಬಿಕೆ ಬೆಳೆಯಲು ಅವಕಾಶವೂ ಇರುವುದಿಲ್ಲ.

ಕಲಿಸಿದರೆ ಬಿಟ್ಟುಹೋಗುತ್ತಾರೆಂಬ ಮಾಲೀಕರ ಆತಂಕವೂ ನಿರಾಧಾರವಲ್ಲ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಮಾನವ ಬಂಡವಾಳ ಕುರಿತ ಗ್ರಂಥದಲ್ಲಿ ತರಬೇತಿಯನ್ನು ಎರಡಾಗಿ ವಿಂಗಡಿಸಿದ್ದಾರೆ: ಎಲ್ಲ ಸಂಸ್ಥೆಗಳಲ್ಲೂ ಬಳಕೆಗೆ ಬರುವ ಸಾಮಾನ್ಯ ತರಬೇತಿ, ಒಂದೇ ಸಂಸ್ಥೆಗೆ ಉಪಯುಕ್ತವಾದ ವಿಶಿಷ್ಟ ತರಬೇತಿ. ಸಾಮಾನ್ಯ ಕೌಶಲ ಹೆಚ್ಚಿದಾಗ ವೇತನವೂ ಅದಕ್ಕೆ ತಕ್ಕಂತೆ ಏರದಿದ್ದರೆ ನೌಕರನು ಬೇರೆಡೆಗೆ ಹೋಗುವುದು ಸಹಜ.

ಆದರೆ ಕಲಿಸದಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಬೇರೆ ದಾರಿಯಿಲ್ಲವೆಂಬ ಭಯದಿಂದ ಉಳಿದವನದು ನಿಷ್ಠೆಯಲ್ಲ. ಹೊಸ ಯಂತ್ರ ಬಂದಾಗ ಅವನು ಹಿಂಜರಿಯುತ್ತಾನೆ. ದೋಷ ಕಂಡರೂ ಹೇಳಲು ಅಂಜುತ್ತಾನೆ. ಹತ್ತೇ ಜನರಿರುವ ಸಣ್ಣ ಘಟಕದಲ್ಲಿ ಒಂದು ಯಂತ್ರ ಒಬ್ಬನಿಗೆ ಮಾತ್ರ ಗೊತ್ತಿದ್ದರೆ, ಅವನು ರಜೆ ಹಾಕಿದ ದಿನ ಆ ಯಂತ್ರ ನಿಲ್ಲುತ್ತದೆ.

ಈ ಹಿನ್ನೆಲೆಯಲ್ಲಿ ಉದ್ಯಮಿಗಳು ಕೆಳಕಂಡ ಕ್ರಮಗಳನ್ನು ಪರಿಶೀಲಿಸಬಹುದು:

1. ಪ್ರತಿಯೊಬ್ಬ ನೌಕರನಿಗೂ ವರ್ಷಕ್ಕೊಂದಾದರೂ ಹೊಸ ಕೆಲಸವನ್ನು ಕಲಿಸುವುದು.

2. ಯಾರಿಗೆ ಯಾವ ಯಂತ್ರ, ಯಾವ ಕೆಲಸ ಬರುತ್ತದೆಂಬ ಪಟ್ಟಿಯನ್ನು ಕಾರ್ಖಾನೆಯಲ್ಲಿ ಪ್ರಕಟಿಸುವುದು.

3. ಹೊಸ ಕೌಶಲ ಸಿದ್ಧಿಸಿದ ಕೂಡಲೇ, ಅಲ್ಪವಾದರೂ ಸರಿ, ವೇತನ ಹೆಚ್ಚಿಸುವುದು.

4. ಅನುಭವಿಗಳಿಗೆ ಕಿರಿಯರನ್ನು ತರಬೇತುಗೊಳಿಸುವ ಹೊಣೆ ವಹಿಸುವುದು.

5. ಸೇವಾ ಪ್ರಮಾಣಪತ್ರದಲ್ಲಿ ಅವಧಿಯ ಜೊತೆಗೆ ನಿರ್ವಹಿಸಿದ ಕೆಲಸಗಳನ್ನೂ ನಮೂದಿಸುವುದು.

ಇಷ್ಟು ಮಾಡಿದರೂ ಕೆಲವರು ಬಿಟ್ಟುಹೋಗಬಹುದು. ಆದರೆ ಹೊರಗೆ ಬೇಡಿಕೆಯಿದ್ದೂ ನಮ್ಮಲ್ಲೇ ಉಳಿಯಲು ಬಯಸುವ ನೌಕರನೇ ಸಂಸ್ಥೆಯ ನಿಜವಾದ ಆಸ್ತಿ.