ಹಳೆ ಸ್ಕೂಟರಿಗೆ ಮನೆಯಲ್ಲೇ ಬಿಡಿಭಾಗ

1972ರಲ್ಲಿ ರಸ್ತೆಗಿಳಿದ ಬಜಾಜ್ ಚೇತಕ್‌ಗೆ ಬೇರೆ ಚಾಸಿಯಿಲ್ಲ. ಒತ್ತಿ ರೂಪಿಸಿದ ಉಕ್ಕಿನ ತಗಡಿನ ಮೈಯೇ ಅದರ ಚಾಸಿ. ಮನೆಯಲ್ಲೇ ಬಿಡಿಭಾಗ ಮಾಡಿಕೊಳ್ಳುವವರು ಎಡವುವುದು ಇದನ್ನು ಮರೆತಾಗಲೇ. ತುಕ್ಕು ತಿಂದ ಫುಟ್‌ಬೋರ್ಡನ್ನು ಗ್ರೈಂಡರಿನಲ್ಲಿ ಒಮ್ಮೆಲೇ ಕತ್ತರಿಸಿ ತೆಗೆದರೆ ಹಿಂದು ಮುಂದಿನ ಭಾಗಗಳು ಅಲುಗಿ ಅಳತೆ ತಪ್ಪುತ್ತದೆ. ಆಮೇಲೆ ಎಷ್ಟು ಚೆಂದದ ತಗಡು ಕೂರಿಸಿದರೂ ಗಾಡಿ ಒಂದು ಕಡೆಗೆ ಎಳೆಯುವುದು ತಪ್ಪದು. ಆದ್ದರಿಂದ ಕತ್ತರಿಸುವ ಮೊದಲೇ ಅಳತೆ ಬರೆದಿಟ್ಟು, ಎರಡೂ ಭಾಗ ಅಲುಗದಂತೆ ನಡುವೆ ಆಧಾರದ ಪಟ್ಟಿ ಬೆಸೆಯಬೇಕು. ಹೊಸ ತುಂಡನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ತಗಡಿಗೆ ಕೈಹಾಕಿ. ವೆಲ್ಡಿಂಗನ್ನು ಒಂದೇ ಉಸಿರಿಗೆ ಎಳೆಯಬೇಡಿ. ತೆಳು ತಗಡು ಕಾದು ಸೊಟ್ಟಗಾಗುತ್ತದೆ. ಅಲ್ಲಲ್ಲಿ ಚುಕ್ಕೆ ಹಾಕಿ ಆರಲು ಬಿಡಬೇಕು.

ಸತುವಿನ ಲೇಪವಿರುವ ತಗಡಾದರೆ ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುವುದುಂಟು. ಬೆಸೆಯುವ ಜಾಗದ ಲೇಪ ಉಜ್ಜಿ ತೆಗೆದು, ಗಾಳಿಯಾಡುವ ಬಯಲಲ್ಲೇ ಕೆಲಸ ಮಾಡಿ. ಪೆಟ್ರೋಲ್ ಟ್ಯಾಂಕಿನ ತಂಟೆಗಂತೂ ಹೋಗಲೇಬೇಡಿ: ಖಾಲಿ ಟ್ಯಾಂಕಿನೊಳಗೂ ಆವಿ ಉಳಿದಿರುತ್ತದೆ, ಒಂದು ಕಿಡಿ ಸಾಕು. ಬ್ಯಾಗಿನ ಹುಕ್ಕು, ಕ್ಯಾರಿಯರ್, ಕನ್ನಡಿಯ ಬ್ರಾಕೆಟ್ ಧಾರಾಳವಾಗಿ ಮಾಡಿಕೊಳ್ಳಿ. ಬ್ರೇಕು, ಹ್ಯಾಂಡಲ್, ಆಕ್ಸಲ್ಲುಗಳ ಭಾಗ ಮಾತ್ರ ಅಂಗಡಿಯಿಂದಲೇ ಬರಲಿ.