ಕಟ್ಟಡ ಉಳಿದರೆ ಸಾಕೇ, ನೋಟವೂ ಉಳಿಯಬೇಕೇ?



ಬೇಸಿಗೆಯ ಮೊದಲಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋದವರು ಮೊದಲು ತಲೆ ಎತ್ತಿ ನೋಡುತ್ತಾರೆ. ಹುಣಸೆ ಮರಗಳ ನೆತ್ತಿಯಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ನಮ್ಮ ಊರಿನ ಗುರುತು ಇರುವುದು ಆಕಾಶದ ಅಂಚಿನಲ್ಲಿ. ನಗರಗಳಿಗೂ ಹೀಗೊಂದು ಗುರುತು ಇರುತ್ತದೆ. ಅದನ್ನು ಎತ್ತರದ ಹೊಸ ಕಟ್ಟಡಗಳಿಂದ ಕಾಪಾಡಬೇಕೇ ಎಂಬುದು ಈ ಪಾಠದ ಪ್ರಶ್ನೆ.

ಎದುರುಬದುರು ನಿಂತ ಎರಡು ಕಟ್ಟಡಗಳು

ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿ ನಿಂತರೆ ಒಂದು ಕಡೆ ಕೆಂಪು ಬಣ್ಣದ ಅಠಾರಾ ಕಚೇರಿ, ಇನ್ನೊಂದು ಕಡೆ ವಿಧಾನಸೌಧ. ಅಠಾರಾ ಎಂದರೆ ಉರ್ದುವಿನಲ್ಲಿ ಹದಿನೆಂಟು. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು. 1864ರಿಂದ 1868ರ ನಡುವೆ ಅದನ್ನು ಕಟ್ಟಿದರು. ಅದಕ್ಕೂ ಮೊದಲು ಆಡಳಿತ ಕಚೇರಿ ಇದ್ದದ್ದು ಟಿಪ್ಪು ಸುಲ್ತಾನರ ಬೆಂಗಳೂರು ಅರಮನೆಯಲ್ಲಿ. ಈಗ ಅಠಾರಾ ಕಚೇರಿಯಲ್ಲಿ ಹೈಕೋರ್ಟ್ ಇದೆ.

ವಿಧಾನಸೌಧಕ್ಕೆ 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಕನಸಿಗೆ ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ರೂಪ ಕೊಟ್ಟರು. 1956ರಲ್ಲಿ ಕೆಲಸ ಮುಗಿಯಿತು. ವಿದೇಶಿ ಶೈಲಿಯ ಕಚೇರಿಯ ಎದುರಿಗೇ ನಮ್ಮ ಕಲ್ಲಿನ, ನಮ್ಮ ಶೈಲಿಯ ಸೌಧ ಎದ್ದು ನಿಂತಿತು. ಒಂದನ್ನು ಮರೆಮಾಡಿದರೆ ಇನ್ನೊಂದರ ಅರ್ಥವೂ ಅರ್ಧ ಹೋಗುತ್ತದೆ. ಆದ್ದರಿಂದ ಇಲ್ಲಿ ನೋಟವೂ ಇತಿಹಾಸದ ಭಾಗವೇ.

1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಮಾತು ಬಂದಿತ್ತು. ನಾಗರಿಕರು ವಿರೋಧಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಕಟ್ಟಡ ಉಳಿಯಿತು. ಮುಂದೆ ಮೆಟ್ರೋ ಬಂದಾಗ ಎಂ.ಜಿ. ರಸ್ತೆಯಲ್ಲಿ ಅದು ಕಂಬಗಳ ಮೇಲೆ ಹೋಯಿತು. ವಿಧಾನಸೌಧದ ಮುಂದೆ ಮಾತ್ರ ನೆಲದಡಿಯಲ್ಲಿ ಸಾಗಿತು. ಈ ಎರಡು ಜಾಗಗಳಲ್ಲೂ ನಿಂತು ನೋಡಿದರೆ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ.

ನೋಟದ ಲೆಕ್ಕ

ಎಷ್ಟು ಎತ್ತರ ಹೆಚ್ಚಾಯಿತು? ಇದಕ್ಕೆ ಹತ್ತನೇ ತರಗತಿಯ ಸಮರೂಪ ತ್ರಿಭುಜಗಳು ಸಾಕು. ವಿಧಾನಸೌಧದ ತುದಿಯ ಎತ್ತರ ಸುಮಾರು 150 ಅಡಿ, ನಿಮ್ಮ ಕಣ್ಣಿನ ಎತ್ತರ 5 ಅಡಿ ಎನ್ನಿ. ವ್ಯತ್ಯಾಸ 145 ಅಡಿ. ನೀವು 600 ಅಡಿ ದೂರದಲ್ಲಿ ನಿಂತು, ಕಣ್ಣಿನಿಂದ ತುದಿಗೆ ಒಂದು ಗೆರೆ ಎಳೆದು, ಅದನ್ನು ಇನ್ನೂ 600 ಅಡಿ ಹಿಂದಕ್ಕೆ ಮುಂದುವರಿಸಿ. ಅಲ್ಲಿ ಗೆರೆಯ ಎತ್ತರ 5 + 290 = 295 ಅಡಿ. ಆ ಜಾಗದಲ್ಲಿ 250 ಅಡಿಯ ಕಟ್ಟಡ ಬಂದರೂ ನಿಮಗೆ ಕಾಣದು.

ಈಗ 1200 ಅಡಿ ದೂರಕ್ಕೆ ಸರಿಯಿರಿ. ಅದೇ ಜಾಗದಲ್ಲಿ ಗೆರೆಯ ಎತ್ತರ 222.5 ಅಡಿಗೆ ಇಳಿಯುತ್ತದೆ. ಅದೇ ಕಟ್ಟಡದ 27.5 ಅಡಿ ಗುಮ್ಮಟದ ಮೇಲೆ ಇಣುಕುತ್ತದೆ. ಇದು ತುದಿಯ ನೇರ ಹಿಂದಿನ ಲೆಕ್ಕ. ತಗ್ಗಾದ ಮಾಡಿನ ಹಿಂದೆ ಮಿತಿ ಇನ್ನೂ ಕಡಿಮೆ. ಹಾಗಾಗಿ "ಎತ್ತರ ಬೇಡ" ಎಂದು ಕೂಗಿದರೆ ಸಾಲದು. ಎಲ್ಲಿಂದ ನೋಡುವ ನೋಟವನ್ನು ಉಳಿಸಬೇಕು ಎಂದು ಮೊದಲು ತೀರ್ಮಾನಿಸಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣವನ್ನು ನೋಡಿ. ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಾಲಯ ಇವೆಲ್ಲ ಕೇಂದ್ರ ಸಂರಕ್ಷಿತ ಸ್ಮಾರಕಗಳು. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಆದರೆ ವಿಧಾನಸೌಧ ಈ ಪಟ್ಟಿಯಲ್ಲಿಲ್ಲ. ಅಂಥ ಕಟ್ಟಡಗಳಿಗೆ ನಗರ ಯೋಜನೆಯ ನಿಯಮಗಳು ಮತ್ತು ಜನರ ಎಚ್ಚರವೇ ರಕ್ಷಣೆ.

ಎಚ್ಚರ ತಪ್ಪಿದರೆ ಏನಾಗುತ್ತದೆ? ಪ್ಯಾರಿಸ್‌ನಲ್ಲಿ 1973ರಲ್ಲಿ 210 ಮೀಟರ್ ಎತ್ತರದ ಮೊಂಪಾರ್ನಾಸ್ ಗೋಪುರ ಎದ್ದಿತು. ಜನರ ಅಸಮಾಧಾನ ಎಷ್ಟಿತ್ತೆಂದರೆ 1977ರಲ್ಲಿ ನಗರದೊಳಗಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದರು. ಗೋಪುರ ಮಾತ್ರ ಉಳಿದೇ ಉಳಿಯಿತು. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಹೊಸ ಕಟ್ಟಡಗಳ ಕಾರಣದಿಂದ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಿಂದಲೇ ಹೊರಬಿತ್ತು.

ಇನ್ನೊಂದು ಪಕ್ಕ

ಆದರೂ ಒಂದು ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸ್ಮಾರಕದ ಪಕ್ಕದಲ್ಲಿ ಒಂದು ಸಣ್ಣ ನಿವೇಶನ ಇಟ್ಟುಕೊಂಡವರು ಮಗಳಿಗೆಂದು ಮಹಡಿ ಕಟ್ಟಬಾರದೇ? ಊರಿಗೆಲ್ಲ ಸಿಗುವ ನೋಟದ ಬೆಲೆಯನ್ನು ಒಬ್ಬರೇ ಏಕೆ ತೆರಬೇಕು? ಸರ್ಕಾರಿ ಕಚೇರಿಗಳಿಗೂ ಜಾಗ ಬೇಕು. ವಿಧಾನಸೌಧದ ಪಕ್ಕದಲ್ಲಿ ಒಮ್ಮೆ ಬಹುಮಹಡಿ ಕಟ್ಟಡ ಬಂತು. ಮುಂದೆ ಮತ್ತೆ ಜಾಗ ಬೇಕಾದಾಗ ಸೌಧದ ಶೈಲಿಯಲ್ಲೇ ವಿಕಾಸಸೌಧ ಕಟ್ಟಿದರು. ಎರಡೂ ನಮ್ಮ ಮುಂದೆಯೇ ಇವೆ, ಹೋಲಿಸಿ ನೋಡಬಹುದು.

ಉತ್ತರದ ಒಂದು ಎಳೆ ನಮ್ಮ ಬೆಳ್ಳೂರಿನಲ್ಲೇ ಇದೆ. ಹಕ್ಕಿಗಳು ಗೂಡು ಕಟ್ಟಿದ ಹುಣಸೆ ಮರದ ಫಸಲನ್ನು ಬಿಟ್ಟುಕೊಡುವ ರೈತರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬೆಳೆದು ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಹಾಗೆಯೇ ಎತ್ತರ ಬಿಟ್ಟುಕೊಟ್ಟ ಮಾಲೀಕರಿಗೆ ಪರಿಹಾರ ಕೊಡಬಹುದು, ಇಲ್ಲವೇ ಆ ಮಹಡಿಗಳ ಹಕ್ಕನ್ನು ನಗರದ ಬೇರೆ ಭಾಗಕ್ಕೆ ವರ್ಗಾಯಿಸಬಹುದು. ಪರಂಪರೆ ಉಳಿಯಬೇಕಾದರೆ ಅದರ ಭಾರವನ್ನು ಎಲ್ಲರೂ ಹಂಚಿಕೊಳ್ಳಬೇಕು.

ನಿಮಗೊಂದು ಕೆಲಸ

ನಿಮ್ಮ ಊರಿನ ಹಳೆಯ ಶಾಲೆ, ಕಚೇರಿ, ಮಸೀದಿ ಅಥವಾ ಗುಡಿ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಅದು ಚೆನ್ನಾಗಿ ಕಾಣುವ ಮೂರು ಜಾಗಗಳನ್ನು ಗುರುತಿಸಿ. ದೂರ ಅಳೆಯಿರಿ, ಮೇಲಿನ ಲೆಕ್ಕ ಹಾಕಿ. ಸುತ್ತಲಿನ ಮನೆಯವರ ಅಭಿಪ್ರಾಯವನ್ನೂ ಕೇಳಿ ಬರೆಯಿರಿ. ಕಾನೂನು ಬರುವ ಮೊದಲೇ ನೋಟ ಮುಚ್ಚಿಹೋಗಬಹುದು. ಅಷ್ಟರೊಳಗೆ ನೋಡಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.