ಔಷಧಿ ಪುಕ್ಕಟೆ, ಉಳಿದ ಖರ್ಚು ಯಾರದು?

ಕ್ಲಿನಿಕಲ್ ಟ್ರಯಲ್‌ನಲ್ಲಿ ಔಷಧಿಗೆ ದುಡ್ಡಿಲ್ಲ ಎಂದು ಕೇಳಿದ ಕೂಡಲೇ ಮನೆಮಂದಿ ಖರ್ಚಿನ ಚಿಂತೆ ಬಿಡುತ್ತಾರೆ. ಆ ಚಿಂತೆ ಮಾಡಬೇಕಾದದ್ದು ನಿಜವಾಗಿ ಆಗಲೇ.

ಭಾವನದು ಗದಗಿನಲ್ಲಿ ಹೊಲಿಗೆ ಅಂಗಡಿ. ತೊಡೆಯಲ್ಲಿ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್. ಕೀಮೋ ನಾಟಲಿಲ್ಲ. ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧಿಯ ಟ್ರಯಲ್ ಇದೆ ಎಂದರು ವೈದ್ಯರು. ಅಕ್ಕ, ಭಾವ ಇಬ್ಬರೂ ಡೊಂಬಿವಲಿಯ ನಮ್ಮ ಮನೆಗೆ ಬಂದಿಳಿದರು. ಸಮ್ಮತಿ ಪತ್ರ ಮುಂದಿಟ್ಟುಕೊಂಡು ನಾನು ಖರ್ಚಿನ ಪ್ರಶ್ನೆ ಬರೆಯತೊಡಗಿದರೆ ಅಕ್ಕನಿಗೆ ಸಂಕೋಚ. “ಪುಕ್ಕಟೆ ಔಷಧಿ ಕೊಡ್ತಾರ, ಮ್ಯಾಲೆ ರೊಕ್ಕದ ಮಾತು ಹ್ಯಾಂಗ ಕೇಳೂದೋ ತಮ್ಮಾ?”

ಕೇಳಲೇಬೇಕು ಅಕ್ಕಾ, ಅದು ನಿಮ್ಮ ಹಕ್ಕು ಎಂದೆ. ಅಪರೂಪದ ಕ್ಯಾನ್ಸರ್‌ಗೆ ರೋಗಿಗಳೇ ಕಡಿಮೆ. ಅಂಥವರು ಮುಂದೆ ಬರದೆ ಹೊಸ ಔಷಧಿ ಹುಟ್ಟುವುದಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ರೂಪಿಸಿದ, ಕೆಲವು ಬಗೆಯ ರಕ್ತ ಕ್ಯಾನ್ಸರ್‌ಗೆ ಕೊಡುವ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಸರ್ಕಾರದ ಅನುಮತಿ ಸಿಕ್ಕಿತು. ಅದಕ್ಕೂ ಮುಂಚೆ ಟ್ರಯಲ್‌ಗೆ ಮೈಯೊಡ್ಡಿದ ರೋಗಿಗಳಿದ್ದರು. ಕೊಡುವವರು ಆಸ್ಪತ್ರೆಯವರಷ್ಟೇ ಅಲ್ಲ, ರೋಗಿಯೂ ಕೊಡುತ್ತಾನೆ.

ಮೊದಲ ಪ್ರಶ್ನೆ ಸ್ಕ್ರೀನಿಂಗ್‌ನದು. ಟ್ರಯಲ್‌ಗೆ ಸೇರಿಸಿಕೊಳ್ಳುವ ಮುಂಚೆ ಸ್ಕ್ಯಾನ್, ರಕ್ತ ಪರೀಕ್ಷೆ, ಕೆಲವೊಮ್ಮೆ ಹೊಸದಾಗಿ ಬಯಾಪ್ಸಿ. ಅಷ್ಟೆಲ್ಲ ಆಗಿ ‘ನೀವು ಸೇರುವಂತಿಲ್ಲ’ ಎಂದರೆ ಆ ಬಿಲ್ ಯಾರದು? ಎರಡನೆಯದು, ಟ್ರಯಲ್ ನಡೆಸುವವರು ಯಾರು? ಔಷಧಿ ಕಂಪನಿಯೇ ಪ್ರಾಯೋಜಕನಾದರೆ ಪರೀಕ್ಷೆಗಳ ಬಹುಪಾಲು ಖರ್ಚು ಸಾಮಾನ್ಯವಾಗಿ ಅದರದು. ವೈದ್ಯರೇ ನಡೆಸುವ ಅಧ್ಯಯನದಲ್ಲಿ ಮಾಮೂಲಿ ಚಿಕಿತ್ಸೆಯ ಖರ್ಚು ರೋಗಿಯ ಮೇಲೆ ಬೀಳಬಹುದು.

ನಮ್ಮನ್ನು ಹಿಂಡಿದ್ದು ಓಡಾಟ. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಪನ್ವೇಲ್ ಕಡೆಯ ಲೋಕಲ್ ಹಿಡಿದರೆ ಟಿಕೆಟ್ ದುಡ್ಡು ಏನೂ ಅಲ್ಲ. ಆದರೆ ಬಿಳಿ ರಕ್ತಕಣ ಇಳಿದಾಗ ಜನಜಂಗುಳಿ ಬೇಡ ಎನ್ನುತ್ತಾರೆ ವೈದ್ಯರು. ಆಗ ಟ್ಯಾಕ್ಸಿಯೇ ಗತಿ. ಜೊತೆಗೆ ಗದಗಿನ ಅಂಗಡಿಗೆ ಬೀಗ, ಬಾಡಿಗೆ ಮಾತ್ರ ನಿಲ್ಲಲಿಲ್ಲ. ರಸೀದಿ ಕೊಟ್ಟರೆ ರೋಗಿಯ ಪ್ರಯಾಣದ ಖರ್ಚು ಸಿಗುತ್ತದೆ ಎಂದು ಸಮ್ಮತಿ ಪತ್ರದ ಒಳಪುಟದಲ್ಲಿ ಬರೆದಿತ್ತು; ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಊರಿಗೆ ಹೋಗಿಬರುವವರು ರೈಲ್ವೆ ರಿಯಾಯಿತಿಯನ್ನೂ ಬಿಡಬೇಡಿ. ಚಿಕಿತ್ಸೆಗೆಂದು ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಪ್ರಮಾಣ ಪತ್ರ ಬೇಕು.

ಪರಿಹಾರದ ಪುಟವನ್ನಂತೂ ಎರಡೆರಡು ಸಲ ಓದಿ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಹಾನಿ ಅಥವಾ ಸಾವು ಸಂಭವಿಸಿದರೆ ಪರಿಹಾರ ಕೊಡಬೇಕು. ಸಾವಿನ ಪರಿಹಾರದ ಲೆಕ್ಕಕ್ಕೆ ಮೂಲ ಮೊತ್ತ 8 ಲಕ್ಷ. ಅದನ್ನು ವಯಸ್ಸಿನ ಅಂಶದಿಂದಲೂ ರೋಗದ ತೀವ್ರತೆಗೆ ತಕ್ಕ ಅಂಶದಿಂದಲೂ ಗುಣಿಸುತ್ತಾರೆ. ಈ ಎರಡನೆಯದು ಆರೋಗ್ಯವಂತನಿಗೆ 4, ಆರು ತಿಂಗಳಿಗಿಂತ ಹೆಚ್ಚು ಬದುಕುವ ಭರವಸೆ ಇಲ್ಲದವರಿಗೆ 0.5. ಅತಿ ಹೆಚ್ಚು ಕಾಯಿಲೆಯವರ ಮನೆಗೆ ಅತಿ ಕಡಿಮೆ ಹಣ. ನನಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಟ್ರಯಲ್‌ಗೆ ಸಂಬಂಧವಿಲ್ಲದೆ ಕ್ಯಾನ್ಸರ್ ತಾನೇ ಬೆಳೆದರೆ ಪರಿಹಾರವಿಲ್ಲ. ಆರೋಗ್ಯ ವಿಮೆ ಇದೆಯಲ್ಲ ಎನ್ನಬೇಡಿ, ಇನ್ನೂ ಸಾಬೀತಾಗದ ಚಿಕಿತ್ಸೆಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಸಹಿ ಹಾಕುವ ಮುಂಚೆಯೇ ವಿಮೆಯವರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಭಾವನ ಹೆಸರಿನಲ್ಲಿದ್ದ ಎಫ್‌ಡಿಯನ್ನು ಮುರಿದು ಡೊಂಬಿವಲಿಯಲ್ಲೇ ಒಂದು ಕೋಣೆ ಹಿಡಿಯೋಣವೆಂದು ಅಕ್ಕ ಹಟ ಹಿಡಿದಳು. ನಾನು ಬಿಡಲಿಲ್ಲ. ನಮ್ಮ ಹಾಲಿನಲ್ಲೇ ಮಂಚ ಹಾಕಿದೆವು. ಟ್ರಯಲ್‌ನಿಂದ ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ. ಆದರೆ ಹೊರಬಂದ ಮೇಲಿನ ಚಿಕಿತ್ಸೆಗೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಆ ಹಕ್ಕಿಗೆ ಬಲವಿಲ್ಲ. ಕೆಲವು ತಿಂಗಳು ಗಡ್ಡೆ ಬೆಳೆಯದೆ ನಿಂತಿತ್ತು, ಆಮೇಲೆ ಮತ್ತೆ ಬೆಳೆಯಿತು, ಭಾವನನ್ನು ಟ್ರಯಲ್‌ನಿಂದ ಬಿಡಿಸಿದರು. ಮುಂದಿನ ಮಾತ್ರೆಗಳ ಬಿಲ್ ಆ ಎಫ್‌ಡಿಯಿಂದಲೇ ಕಟ್ಟುತ್ತಿದ್ದೇವೆ.